ಎಲ್‌4-ಎಲ್‌5 ಡಿಸ್ಕ್ (ಸೊಂಟದ ನಾಲ್ಕನೇ, ಐದನೇ ಮೂಳೆಗಳ ನಡುವಿನ ಮೆತ್ತೆ) ಜಾರಿದೆ ಎಂದು ಎಂಆರ್‌ಐ ಹೇಳುತ್ತಿದೆ. ಆಪರೇಷನ್ ಮಾಡಿಸಲೇಬೇಕೇ?

ವರದಿಯೊಂದನ್ನೇ ನೋಡಿ ನಿರ್ಧರಿಸಬೇಡಿ. ನೋವೇ ಇಲ್ಲದವರ ಸ್ಕ್ಯಾನ್‌ನಲ್ಲೂ ಉಬ್ಬಿದ ಡಿಸ್ಕ್ ಸಾಮಾನ್ಯ. ನೋವು ಮೊಣಕಾಲು ದಾಟಿ ಪಾದಕ್ಕೆ ಇಳಿಯುತ್ತಿದ್ದು, ಸ್ಕ್ಯಾನ್‌ನಲ್ಲಿ ಒತ್ತಿಕೊಂಡಿರುವುದೂ ಅದೇ ನರವಾಗಿದ್ದರೆ ಮೈಕ್ರೋಡಿಸ್ಕೆಕ್ಟಮಿ ಎಂಬ, ಡಿಸ್ಕ್‌ನ ಚೂರು ತೆಗೆಯುವ ಆಪರೇಷನ್‌ನಿಂದ ಲಾಭ ಹೆಚ್ಚು. ಬರೀ ಸೊಂಟನೋವಿಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಹೆಚ್ಚಿನವರಿಗೆ 6ರಿಂದ 12 ವಾರಗಳಲ್ಲಿ ಮಾತ್ರೆ, ಫಿಸಿಯೋಥೆರಪಿ, ನಡಿಗೆಯಲ್ಲೇ ಕಾಲುನೋವು ಇಳಿಯುತ್ತದೆ. ಹೊರಬಂದ ಚೂರನ್ನು ದೇಹವೇ ಕರಗಿಸುವುದುಂಟು. ಪಾದ ಎತ್ತಲಾಗದೆ ಚಪ್ಪಲಿ ಜಾರುತ್ತಿದ್ದರೆ ಅಷ್ಟು ಕಾಯಬೇಡಿ. ಮೂತ್ರ ಕಟ್ಟಿಕೊಂಡರೆ, ಗುದದ ಸುತ್ತ ಮರಗಟ್ಟಿದರೆ ಅದೇ ರಾತ್ರಿ ಎಮರ್ಜೆನ್ಸಿಗೆ ಹೋಗಿ. ತಡವಾದರೆ ಮೂತ್ರದ ಹಿಡಿತ ಶಾಶ್ವತವಾಗಿ ಹೋಗಬಹುದು.

ಆಪರೇಷನ್ ಅಂದರೆ 2-3 ಸೆಂ.ಮೀ. ಗಾಯ, ನರ ಒತ್ತುವ ಚೂರಷ್ಟೇ ತೆಗೆಯುವುದು. ಅದೇ ದಿನ ಅಥವಾ ಮರುದಿನ ನಿಮ್ಮನ್ನು ಎಬ್ಬಿಸಿ ನಡೆದಾಡಿಸುತ್ತಾರೆ. ಕಾಲಿನ ಸೆಳೆತ ಬೇಗ ಹೋಗುತ್ತದೆ, ಜೋಮಿಗೆ ತಿಂಗಳುಗಳೇ ಬೇಕು. ಇದನ್ನು ಯಾರೂ ಮೊದಲೇ ಹೇಳದಿದ್ದರೆ ಆಪರೇಷನ್ ಕೆಟ್ಟಿತೆಂದು ಗಾಬರಿಯಾಗುವುದು ಸಹಜ. ಮೊದಲ 6 ವಾರ ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್ ಎತ್ತುವುದು, ನೆಲದ ಮೇಲೆ ಕೂತು ಬಗ್ಗುವುದು, ಗುಂಡಿ ರಸ್ತೆಯಲ್ಲಿ ಬೈಕ್ ಬೇಡ. ಒಂದೇ ಸಮನೆ ಅರ್ಧ ಗಂಟೆಗಿಂತ ಹೆಚ್ಚು ಕೂರಬೇಡಿ. ಕಚೇರಿ ಕೆಲಸಕ್ಕೆ 2-4 ವಾರ, ಹೊಲದ ಕೆಲಸಕ್ಕೆ ಸುಮಾರು 3 ತಿಂಗಳು.

ನೂರಕ್ಕೆ 5ರಿಂದ 10 ಮಂದಿಗೆ ಅದೇ ಜಾಗದಲ್ಲಿ ಡಿಸ್ಕ್ ಮತ್ತೆ ಜಾರುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಅಪಾಯ ಹೆಚ್ಚು. ಜ್ವರ ಬಂದರೆ, ಗಾಯದಿಂದ ನೀರು ಒಸರಿದರೆ, ಎದ್ದು ಕೂತಾಗಷ್ಟೇ ತಲೆನೋವು ಬಂದರೆ ಮುಂದಿನ ತಪಾಸಣೆವರೆಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.