“ಒಬ್ಬರೇ ಬಂದಿರಾ?”: ಆಪ್ತಸಲಹೆಯ ಒಂದು ಪ್ರಕರಣ

ಅವರು ನನ್ನ ಬಳಿ ಬಂದದ್ದು ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಕನ್ನಡ ಶಾಲೆಯ ಅಧ್ಯಾಪಕರು, ವಯಸ್ಸು ಐವತ್ತರ ಹತ್ತಿರ. ಊರಿನವರು ಕರೆಯುವಂತೆ ನಾನೂ ಇಲ್ಲಿ ಮಾಸ್ಟರು ಎನ್ನುತ್ತೇನೆ. ಬರೆಯಲು ಅವರ ಒಪ್ಪಿಗೆಯಿದೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಪತ್ನಿ ಬೇರೆಯಾಗಿ ಹದಿನಾಲ್ಕು ತಿಂಗಳಾಗಿತ್ತು. ಹೊಡೆತ ಬಡಿತದ ಕತೆ ಇರಲಿಲ್ಲ. ವರ್ಷಗಟ್ಟಲೆ ಮಾತು ಕಡಿಮೆಯಾಗುತ್ತ ಬಂದು, ಕೊನೆಗೆ ಇಬ್ಬರೂ ಕುಳಿತು ಮಾತಾಡಿ ಬೇರೆಯಾದವರು. ಮಗಳು ಮಂಗಳೂರಿನಲ್ಲಿ ಓದುತ್ತಿದ್ದಾಳೆ, ತಿಂಗಳಿಗೆ ಎರಡು ಸಲ ಬಂದು ಹೋಗುತ್ತಾಳೆ.

“ಈಗ ನಿಮ್ಮ ಸಂಜೆ ಹೇಗೆ ಕಳೆಯುತ್ತದೆ ಮಾಸ್ಟರೇ?” ಎಂದು ಕೇಳಿದೆ. ಐದು ಗಂಟೆಗೆ ಮನೆ. ಗೇಟು ಹಾಕುವುದು. ಟಿವಿ. ಎಂಟಕ್ಕೆ ಅಡುಗೆಮನೆಯ ಕಟ್ಟೆಯ ಬಳಿ ನಿಂತುಕೊಂಡೇ, ಪಾತ್ರೆಯಿಂದಲೇ ಕುಚ್ಚಲಕ್ಕಿ ಗಂಜಿ ಉಣ್ಣುವುದು. ಬಟ್ಟಲು ತೆಗೆದುಕೊಂಡರೆ ತೊಳೆಯಬೇಕಲ್ಲ ಎಂದರು. ಆ ನಿಂತು ಉಣ್ಣುವ ಚಿತ್ರ ಅವರು ಹೋದ ಮೇಲೂ ನನ್ನನ್ನು ಕಾಡಿತು.

ಮೊದಲು ಮಾಡಲೇಬೇಕಾದದ್ದನ್ನು ಮಾಡಿದೆ. ನಿದ್ದೆ, ಹಸಿವು, ಕುಡಿತ, ಸಾಯಬೇಕೆಂಬ ಯೋಚನೆ, ಎಲ್ಲವನ್ನೂ ನೇರವಾಗಿ ಕೇಳಿದೆ. ಸಾಯುವ ಯೋಚನೆ ಇರಲಿಲ್ಲ, ಕುಡಿತವೂ ಇಲ್ಲ. ಯಾವುದರಲ್ಲೂ ರುಚಿಯಿಲ್ಲ, ಅಷ್ಟೇ. ಆ ಯೋಚನೆ ಇದ್ದಿದ್ದರೆ, ಅಥವಾ ನಿದ್ದೆ, ಊಟ ಕೆಟ್ಟು ನಿತ್ಯದ ಕೆಲಸವೂ ನಡೆಯದ ಸ್ಥಿತಿ ಎರಡು ವಾರ ದಾಟಿದ್ದರೆ ಮನೋವೈದ್ಯರಲ್ಲಿಗೆ ಕಳುಹಿಸುತ್ತಿದ್ದೆ. ಇದನ್ನು ಓದುವವರಲ್ಲಿ ಅಂಥವರಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ. ಕನ್ನಡದಲ್ಲೂ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ.

ಮಾಸ್ಟರು ಒಂದು ಮಾತನ್ನು ಪದೇ ಪದೇ ಹೇಳುತ್ತಿದ್ದರು: “ಕೋರ್ಟಿನದ್ದು ಮುಗಿಯಲಿ ಮೇಡಂ, ಆಮೇಲೆ ನೋಡೋಣ.” ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕುವ ಮೊದಲು ಕನಿಷ್ಠ 1 ವರ್ಷ ಬೇರೆ ಬೇರೆ ಇರಬೇಕು, ಅರ್ಜಿಯ ನಂತರ ಮತ್ತೆ 6 ತಿಂಗಳು ಕಾಯಬೇಕು. ಯೋಗ್ಯ ಪ್ರಕರಣಗಳಲ್ಲಿ ಈ 6 ತಿಂಗಳನ್ನು ನ್ಯಾಯಾಲಯ ಬಿಟ್ಟುಕೊಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಏನೇ ಇದ್ದರೂ ವರ್ಷ, ಒಂದೂವರೆ ವರ್ಷ ಹೋಗುತ್ತದೆ. ಅಷ್ಟು ಕಾಲ ನಿಂತುಕೊಂಡು ಉಣ್ಣುವುದೇ? ತೀರ್ಪು ಅದರ ಪಾಡಿಗೆ ಬರಲಿ, ಬಟ್ಟಲು ಇವತ್ತೇ ತೆಗೆಯಿರಿ ಎಂದೆ. ಮೊದಲ ವಾರದ ಸಲಹೆ ಅದೊಂದೇ: ದಿನಕ್ಕೆ ಒಂದು ಹೊತ್ತು ಕುಳಿತು ಉಣ್ಣುವುದು, ಗಂಜಿಯ ಜೊತೆಗೆ ಕೈಯಾರೆ ಮಾಡಿದ ಏನಾದರೂ ಒಂದು ಇರುವುದು.

ಅವರು ಒಂದೆಲಗದ ತಂಬುಳಿ ಮಾಡಿದರು. ಎಲೆ ಕೀಳಲು ಹಿತ್ತಿಲಿಗೆ ಇಳಿದಾಗ ಬೇಲಿಯಾಚೆಯ ಮಲಯಾಳಿ ಅಜ್ಜಿ, ಅದನ್ನು ಏನು ಮಾಡುತ್ತೀರಿ ಎಂದು ಕೇಳಿದರಂತೆ. ಎಷ್ಟು ಮಜ್ಜಿಗೆ, ಎಷ್ಟು ಕಾಯಿ ಎಂದು ಐದು ನಿಮಿಷ ಮಾತಾಯಿತು. “ಶಾಲೆಯ ಹೊರಗೆ ನಾನು ಒಂದೇ ಸಲಕ್ಕೆ ಅಷ್ಟು ಮಾತಾಡಿ ಎಷ್ಟು ತಿಂಗಳಾಯಿತೋ” ಎಂದರು.

ಮನಸ್ಸು ಸರಿಯಾದ ಮೇಲೆ ಹೊರಗೆ ಹೋಗುತ್ತೇನೆ ಎನ್ನುವುದು ಬಹಳ ಜನರ ಲೆಕ್ಕ. ನಮ್ಮ ಕೆಲಸದಲ್ಲಿ ಅದನ್ನು ತಿರುಗಿಸುತ್ತೇವೆ: ಮೊದಲು ಹೋಗುವುದು, ಮನಸ್ಸು ಹಿಂದಿನಿಂದ ಬರುತ್ತದೆ. 1970ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಪೀಟರ್ ಲೆವಿನ್‌ಸನ್ ಖಿನ್ನತೆಗೆ ಈ ದಾರಿಯನ್ನು ರೂಪಿಸಿದವರಲ್ಲಿ ಪ್ರಮುಖರು. ಹಿತ ಕೊಡುತ್ತಿದ್ದ ಸಣ್ಣ ಕೆಲಸಗಳು ನಿಂತಾಗ ಮನಸ್ಸು ಕುಗ್ಗುತ್ತದೆ, ಕುಗ್ಗಿದ ಮನಸ್ಸು ಉಳಿದ ಕೆಲಸಗಳನ್ನೂ ನಿಲ್ಲಿಸುತ್ತದೆ; ಆ ಸುಳಿಯನ್ನು ಕೆಲಸದ ತುದಿಯಿಂದ ಬಿಚ್ಚಬೇಕು. ಅದಕ್ಕೊಂದು ಪುಸ್ತಕ ಇಡಿಸಿದೆ. ಮಾಡಿದ್ದಕ್ಕೆಲ್ಲ ಹತ್ತರಲ್ಲಿ ಅಂಕ. ಮಾಸ್ಟರು ಕೆಂಪು ಶಾಯಿಯಲ್ಲಿ ಎಲ್ಲಕ್ಕೂ ಎರಡು ಅಂಕ ಹಾಕಿ ತಂದರು. ಆಗ ನನಗೆ ನನ್ನ ತಪ್ಪು ಗೊತ್ತಾಯಿತು. ಅವರು ಕೆಲಸಕ್ಕಲ್ಲ, ತಮಗೇ ಅಂಕ ಕೊಟ್ಟುಕೊಳ್ಳುತ್ತಿದ್ದರು. ಕ್ರಮ ಬದಲಿಸಿದೆವು: ಹೊರಡುವ ಮೊದಲು “ಎಷ್ಟು ಹಿತವಾಗಬಹುದು” ಎಂಬ ಅಂದಾಜು, ಬಂದ ಮೇಲೆ “ಎಷ್ಟು ಆಯಿತು” ಎಂಬ ಲೆಕ್ಕ. ಅಂದಾಜು ಹೆಚ್ಚಾಗಿ ಕಡಿಮೆಯೇ ಇರುತ್ತಿತ್ತು. ಆ ವ್ಯತ್ಯಾಸವನ್ನು ಅವರು ತಾವೇ ಕಂಡುಕೊಂಡದ್ದು ನನ್ನ ಹತ್ತು ಮಾತಿಗಿಂತ ಹೆಚ್ಚು ಕೆಲಸ ಮಾಡಿತು.

ಬೆಳಗಿನ ನಡಿಗೆಯ ಗುಂಪನ್ನು ಸೇರಿ ಎರಡೇ ದಿನಕ್ಕೆ ಬಿಟ್ಟರು. ಬಿಡಲಿ ಎಂದೆ.

ಜನರ ನಡುವೆ ಹೋಗುವುದೇ ನಿಜವಾದ ಕಷ್ಟ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನಮ್ಮಲ್ಲಿ ಮಳೆಗಾಲವೆಂದರೆ ತಾಳಮದ್ದಳೆಯ ಕಾಲ; ವೇಷ, ಕುಣಿತವಿಲ್ಲದೆ ಭಾಗವತರ ಹಾಡು, ಕುಳಿತವರ ಮಾತು ಇಷ್ಟರಲ್ಲೇ ಪ್ರಸಂಗ ನಡೆಯುತ್ತದೆ. ಮಾಸ್ಟರಿಗೆ ಅದರ ಹುಚ್ಚು. ಆದರೆ ನನ್ನಲ್ಲಿಗೆ ಬರುವ ಕೆಲವೇ ದಿನ ಮೊದಲು ಒಂದು ತಾಳಮದ್ದಳೆಗೆ ಹೋಗಿ, ಪ್ರಸಂಗ ಅರ್ಧವಾಗುವ ಮೊದಲೇ ಎದ್ದು ಬಂದಿದ್ದರು. ಪರಿಚಯದವರೊಬ್ಬರು ಕೇಳಿದ್ದು ಇಷ್ಟೇ: “ಒಬ್ಬರೇ ಬಂದಿರಾ? ಮನೆಯವರು ಬರಲಿಲ್ಲವೇ?” ಕೇಳಿದವರಿಗೆ ಅದು ಕುಶಲಪ್ರಶ್ನೆ, ಇವರಿಗೆ ಎದೆಗೆ ಗುದ್ದಿದ ಹಾಗೆ. ಇಪ್ಪತ್ತು ವರ್ಷ ನೆಂಟರ ಫೋನು, ಮದುವೆಯ ಉಡುಗೊರೆ, ಯಾರ ಮನೆಯಲ್ಲಿ ಯಾವ ಪೂಜೆ ಎಂಬ ನೆನಪು ಎಲ್ಲವನ್ನೂ ಪತ್ನಿಯೇ ನೋಡಿಕೊಂಡಿದ್ದರು. ಅವರು ಹೋದಾಗ ಬಳಗದ ದಾರಿಯೂ ಹೋಯಿತು. ಗಂಡಸರಲ್ಲಿ ಇದನ್ನು ನಾನು ಬಹಳ ನೋಡಿದ್ದೇನೆ.

ಆ ಪ್ರಶ್ನೆಗೆ ಉತ್ತರವನ್ನು ಮೊದಲೇ ಸಿದ್ಧಮಾಡಿ ಇಟ್ಟುಕೊಳ್ಳೋಣ ಎಂದೆ. ಸುಳ್ಳು ಬೇಡ, ವಿವರವೂ ಬೇಡ. “ನಾವು ಈಗ ಬೇರೆ ಬೇರೆ ಇದ್ದೇವೆ. ನಾನು ಚೆನ್ನಾಗಿದ್ದೇನೆ. ಇವತ್ತು ಭಾಗವತರು ಯಾರು?” ಮೂರು ವಾಕ್ಯ, ಮೂರನೆಯದು ಮಾತನ್ನು ಬೇರೆ ಕಡೆ ತಿರುಗಿಸಲು. ನನ್ನ ಕೋಣೆಯಲ್ಲಿ ಹೇಳಿ ಅಭ್ಯಾಸ ಮಾಡಿದರು. ಕನ್ನಡದಲ್ಲಿ ಹೇಗೋ ಬಂತು. ಮನೆಮಾತಾದ ತುಳುವಿನಲ್ಲಿ ಮೊದಲ ವಾಕ್ಯಕ್ಕೇ ಗಂಟಲು ಕಟ್ಟಿತು. ಮಲಯಾಳದಲ್ಲಿ ಸಲೀಸಾಗಿ ಬಂತು! ಕಚೇರಿಗೆ, ಬಸ್ಸಿಗೆ ಬಳಸಿದ ಭಾಷೆಯಲ್ಲಿ ನೋವು ಅಷ್ಟಾಗಿ ಅಂಟಿಕೊಂಡಿರುವುದಿಲ್ಲ. ಇಷ್ಟು ಭಾಷೆಗಳಿರುವ ಕಾಸರಗೋಡಿನಲ್ಲಿ ಹುಟ್ಟಿದ್ದರ ಪ್ರಯೋಜನ ಪಡೆಯೋಣ, ಸುಲಭವಾದದ್ದರಿಂದಲೇ ಸುರುಮಾಡೋಣ ಎಂದೆ.

ಅವರಿಗೆ ಅತಿ ಕಷ್ಟದ ಹೊತ್ತು ಭಾನುವಾರ ಸಂಜೆ. ಗುರುತು ಹಿಡಿಯುವವರಿಲ್ಲದ ಕಡೆಗೆ ಹೋಗಿ ಎಂದೆ. ಕುಂಬಳೆಯಲ್ಲಿ ರೈಲು ಹತ್ತಿ ಕಾಞಂಗಾಡಿಗೆ ಹೋಗುವುದು, ನಿಲ್ದಾಣದ ಬಳಿ ಚಹಾ, ನೇಂದ್ರ ಹಣ್ಣಿನ ಪೋಡಿ, ಮುಂದಿನ ಗಾಡಿಯಲ್ಲಿ ವಾಪಸು. ಮೊದಲ ಸಲದ ಅಂದಾಜು ಒಂದು ಅಂಕ. ಬಂದು ಬರೆದದ್ದು ಹೀಗೆ: “ಕಾಸರಗೋಡು ಬಿಟ್ಟ ಕೂಡಲೇ ಚಂದ್ರಗಿರಿ ಹೊಳೆ, ನೀರು ಕೆಂಪಾಗಿ ತುಂಬಿ ಹರಿಯುತ್ತಿತ್ತು. ಆಮೇಲೆ ಕಳನಾಡಿನ ಸುರಂಗ. ಕಿಟಕಿಯ ಪಕ್ಕದ ಮಗು ಸುರಂಗದೊಳಗೆ ಕೂಗಿತು. ಆರು.” ನಾಲ್ಕನೆಯ ಭಾನುವಾರ ಸಹಪ್ರಯಾಣಿಕರೊಬ್ಬರು ಮಲಯಾಳದಲ್ಲಿ ಮನೆಯವರ ಬಗ್ಗೆ ಕೇಳಿದರು. ಸಿದ್ಧವಿದ್ದ ವಾಕ್ಯ ತಾನಾಗಿ ಬಾಯಿಗೆ ಬಂತು. ಆ ಮನುಷ್ಯ “ಹೌದಾ” ಎಂದು ತಲೆಯಾಡಿಸಿ ಮಳೆಯ ಮಾತಿಗೆ ಹೋದರಂತೆ. “ಇಷ್ಟೇನಾ ಮೇಡಂ!” ಎಂದು ಮಾಸ್ಟರು ನನ್ನೆದುರು ಅತ್ತರು.

ಆಟಿ ತಿಂಗಳು (ಆಷಾಢದ ಹೊತ್ತು) ಮುಗಿಯುವಷ್ಟರಲ್ಲಿ ಎರಡು ತಾಳಮದ್ದಳೆ ಪೂರ್ತಿ ಕೇಳಿದರು. ಈ ನಡುವೆ ನೆಂಟರು ಎರಡನೆಯ ಮದುವೆಯ ಪ್ರಸ್ತಾಪ ತಂದರು. ಮಾತಿಗೆ ಜನ ಬೇಕೆಂಬ ಹಸಿವನ್ನು ಮದುವೆಯಿಂದ ತೀರಿಸಲು ಹೊರಡುವುದು ಈಗ ಬೇಡ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ.

ದೀಪಾವಳಿ ಕಳೆದು ಅಣ್ಣನ ಮಗಳ ಮದುವೆ ಬಂತು. ಹೋಗದಿರಲು ಕಾರಣ ಹುಡುಕುತ್ತಿದ್ದರು. ಜೋಡಿಯಾಗಿ ಹೋಗಿ ಅಭ್ಯಾಸವಾದವರಿಗೆ ಮದುವೆ ಮನೆಯಲ್ಲಿ ಎಲ್ಲಿ ನಿಲ್ಲಬೇಕೆಂದೇ ತಿಳಿಯುವುದಿಲ್ಲ. ಬೇಗ ಹೋಗಿ ಸುಧರಿಕೆಗೆ, ಅಂದರೆ ಬಡಿಸುವ ಓಡಾಟದ ಕೆಲಸಕ್ಕೆ, ನಿಲ್ಲಿ ಎಂದೆ. ಸೊಂಟಕ್ಕೆ ಬೈರಾಸು (ಅಂಗವಸ್ತ್ರ) ಕಟ್ಟಿ ಪಂಕ್ತಿಯಲ್ಲಿ ಬಡಿಸುವವನಿಗೆ ಜೋಡಿ ಬೇಕಾಗಿಲ್ಲ, ಕೈಯಲ್ಲಿ ಸೌಟು ಇದ್ದರೆ ಸಾಕು. ಮಾಸ್ಟರು ಪಾಯಸ ಹಿಡಿದರು. ಮೂರನೆಯ ಪಂಕ್ತಿಯಲ್ಲಿ ದೊಡ್ಡಮ್ಮ ಎಲೆಯ ಮುಂದಿನಿಂದ ತಲೆಯೆತ್ತಿ, “ಒಬ್ಬನೇ ಬಂದೆಯಾ?” ಎಂದರು. “ಹೌದು ದೊಡ್ಡಮ್ಮ, ಒಬ್ಬನೇ. ಇನ್ನೊಂದು ಸೌಟು ಹಾಕಲೇ?” ಅಂದು ತುಳುವಿನಲ್ಲೇ ಹೇಳಿದರು.

ಈಗ ತಿಂಗಳಿಗೊಮ್ಮೆ ಬರುತ್ತಾರೆ. ಮಗಳು ಮಂಗಳೂರಿಗೆ ಹಿಂದಿರುಗುವ ಭಾನುವಾರ ಇನ್ನೂ ಕಷ್ಟವೇ. ಬಸ್ಸು ತಿರುವು ದಾಟಿದ ಮೇಲೆ ಕಾಲು ಮನೆ ಕಡೆಗೆ ಹೋಗಲು ಒಪ್ಪುವುದಿಲ್ಲ ಎನ್ನುತ್ತಾರೆ. ಆ ಸಂಜೆಗೆಂದು ಬೇಲಿಯಾಚೆಯ ಅಜ್ಜಿಯ ಮೊಮ್ಮಗನಿಗೆ ಒಂದು ಗಂಟೆ ಕನ್ನಡ ಅಕ್ಷರ ಕಲಿಸಲು ಒಪ್ಪಿದ್ದಾರೆ. ಎರಡು ಪಾಠ ಆಗಿದೆ. ಮೊದಲನೆಯದಕ್ಕೆ ಮೂರು ಅಂಕ, ಎರಡನೆಯದಕ್ಕೆ ಐದು.