ಹಳೆ ವಿದ್ಯಾರ್ಥಿಗಳನ್ನು ಒಟ್ಟಿಗೆ ಇಡೋದು ಹೇಗೆ? ಪಾಸಾದವರ ಪಟ್ಟಿ ಬಿಟ್ಟು ದಾಖಲಾತಿ ರಿಜಿಸ್ಟರ್‌ನಿಂದ ಶುರು ಮಾಡಿ

ನೀವು ಕೇಳಿರೋದು ಇಷ್ಟು: ನಿಮ್ಮೂರ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಸಲ ದೊಡ್ಡದಾಗಿ ಗುರುವಂದನೆ, ಸ್ನೇಹ ಸಮ್ಮಿಲನ ಮಾಡಿದಿರಿ. ಆರೇ ತಿಂಗಳಲ್ಲಿ ವಾಟ್ಸಾಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಬಿಟ್ಟರೆ ಬೇರೇನೂ ಇಲ್ಲ. ವೆಬ್‌ಸೈಟ್ ಮಾಡಿದರೆ ಜನ ಮತ್ತೆ ಸೇರುತ್ತಾರಾ, ಇಲ್ಲ ಪ್ರತಿ ವರ್ಷ ಸಮ್ಮಿಲನ ಮಾಡಬೇಕಾ?

ನಾನು ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿದವನು. 1993ರಲ್ಲಿ ಎಂಟನೇ ಕ್ಲಾಸಿಗೆ ಸೇರಿ 1996ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದೆ. ನಿಮಗೆ ಆದದ್ದೇ ನಮಗೂ ಆಗಿತ್ತು. ಸಮ್ಮಿಲನವೂ ಬೇಕು, ವೆಬ್‌ಸೈಟೂ ಬೇಕು. ಆದರೆ ಎರಡಕ್ಕೂ ಮೊದಲು ಒಂದು ಕೆಲಸ ಇದೆ. ಅದನ್ನು ಬಿಟ್ಟಿದ್ದರಿಂದಲೇ ನಮ್ಮ ಮೊದಲ ಪ್ರಯತ್ನ ಕೈಕೊಟ್ಟಿತು.

ಮೊದಲ ಸಲ ನಾವು ‘1996ರ ಎಸ್ಸೆಸ್ಸೆಲ್ಸಿ ಬ್ಯಾಚ್’ ಅಂತ ಹೆಸರಿಟ್ಟುಕೊಂಡು ಸೇರಿದೆವು. ಫ್ಲೆಕ್ಸ್ ಹಾಕಿಸಿದೆವು, ಶಾಮಿಯಾನ ಕಟ್ಟಿಸಿದೆವು, ಮೇಷ್ಟ್ರುಗಳಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಕೊಟ್ಟೆವು. ಹೋಳಿಗೆ ಊಟ ಹಾಕಿಸಿದೆವು. ಬಂದವರು ಮೂವತ್ತು ಚಿಲ್ಲರೆ ಜನ. ಬೆಂಗಳೂರಿನಲ್ಲಿ ಕೆಲಸ ಇರುವವರು, ಮೇಷ್ಟ್ರಾದವರು, ಕಂಟ್ರಾಕ್ಟರ್ ಆದವರು, ಊರಲ್ಲೇ ತೋಟ ಅಂಗಡಿ ಇಟ್ಟುಕೊಂಡು ಚೆನ್ನಾಗಿರುವವರು. ಹೆಣ್ಣುಮಕ್ಕಳು ಐದೇ ಜನ. ಆ ದಿನ ಖುಷಿಯಾಗಿಯೇ ಕಳೆಯಿತು. ಆದರೆ ಸಂಜೆ ಶಾಮಿಯಾನ ಬಿಚ್ಚುವಾಗ ನಮ್ಮ ಗಣಿತದ ಮೇಷ್ಟ್ರು ಒಂದು ಮಾತು ಕೇಳಿದರು. ‘ಮೂರನೇ ಬೆಂಚಲ್ಲಿ ಕೂರ್ತಿದ್ದ ಆ ಕುರಿ ಕಾಯೋ ಹುಡುಗ ಎಲ್ಲಪ್ಪಾ?’ ಯಾರಿಗೂ ಗೊತ್ತಿರಲಿಲ್ಲ. ಅವನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ. ನಮ್ಮ ಲೆಕ್ಕದಲ್ಲಿ ಅವನು ಬ್ಯಾಚಿಗೇ ಸೇರಿರಲಿಲ್ಲ.

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಒಂದು ಶನಿವಾರ ಶಾಲೆಗೆ ಹೋಗಿ ಹೆಡ್ ಮೇಷ್ಟ್ರಿಗೆ ವಿಷಯ ಹೇಳಿದೆ. ಅವರು ಬೀರುವಿನಿಂದ ದಾಖಲಾತಿ ರಿಜಿಸ್ಟರ್ ತೆಗೆಸಿ ಮುಂದಿಟ್ಟರು. ಎಷ್ಟು ವರ್ಷ ಆದರೂ ಶಾಲೆಗಳು ಈ ಪುಸ್ತಕವನ್ನು ಬಿಸಾಡುವುದಿಲ್ಲ. ಟಿ.ಸಿ. ನಕಲು ಬೇಕು, ಹುಟ್ಟಿದ ದಿನಾಂಕ ಬೇಕು ಅಂತ ಜನ ಈಗಲೂ ಬರುತ್ತಲೇ ಇರುತ್ತಾರೆ ನೋಡಿ, ಅದಕ್ಕೆ. 1993ರ ಜೂನ್ ಪುಟಗಳನ್ನು ತಿರುವಿದೆ. ಎಂಟನೇ ಕ್ಲಾಸಿಗೆ ಸೇರಿದವರು 74 ಜನ. ನಾವು ಕರೆದದ್ದು ಪಾಸಾದವರನ್ನು ಮಾತ್ರ. ಅಂದರೆ ಒಂದೇ ಗಂಟೆ ಬಾರಿಸಿದರೆ ಒಟ್ಟಿಗೆ ಓಡಿ ಬರುತ್ತಿದ್ದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧ ಜನರನ್ನು ನಾವೇ ಹೊರಗಿಟ್ಟಿದ್ದೆವು. ಫೇಲಾದವರು, ಅರ್ಧಕ್ಕೆ ಬಿಟ್ಟವರು, ಮದುವೆಯಾಗಿ ಹೋದ ಹುಡುಗಿಯರು.

ಹಾಗಾಗಿ ನನ್ನ ಮೊದಲ ಮಾತು ಇದೇ. ನಿಮ್ಮ ಬ್ಯಾಚನ್ನು ಎಸ್ಸೆಸ್ಸೆಲ್ಸಿ ವರ್ಷದಿಂದ ಕರೆಯಬೇಡಿ. ‘1993ರಲ್ಲಿ ಎಂಟನೇ ಕ್ಲಾಸಿಗೆ ಸೇರಿದವರು’ ಅಂತ ಕರೆಯಿರಿ. ಬದಲಾಗುವುದು ನಾಲ್ಕು ಪದ. ಆದರೆ ಆಹ್ವಾನ ಓದುವ ಮನುಷ್ಯನಿಗೆ ‘ಇದು ನನಗೂ ಸೇರಿದ್ದು’ ಅನ್ನಿಸಬೇಕಾದರೆ ಆ ನಾಲ್ಕು ಪದ ಬೇಕು.

ರಿಜಿಸ್ಟರ್ ನೋಡುವಾಗ ಒಂದು ಎಚ್ಚರ ಇರಲಿ. ಅದರಲ್ಲಿ ಜಾತಿ, ಹುಟ್ಟಿದ ದಿನ, ತಂದೆ ತಾಯಿ ಹೆಸರು ಎಲ್ಲ ಇರುತ್ತದೆ. ಪುಟದ ಫೋಟೋ ತೆಗೆದು ಗುಂಪಿಗೆ ಹಾಕಿಬಿಡಬೇಡಿ. ಹೆಡ್ ಮೇಷ್ಟ್ರ ಒಪ್ಪಿಗೆ ಪಡೆದು, ಅಲ್ಲೇ ಕೂತು, ಹೆಸರು ಮತ್ತು ಊರು ಮಾತ್ರ ಕೈಯಲ್ಲಿ ಬರೆದುಕೊಳ್ಳಿ. ಊರಿನ ಹೆಸರು ಬಿಡಲೇಬೇಡಿ. ನಮ್ಮ ಕ್ಲಾಸಿನಲ್ಲಿ ನಾಲ್ಕು ಜನ ಮಂಜುನಾಥರಿದ್ದರು. ಇನಿಷಿಯಲ್ ನೋಡಿ ಯಾರು ಯಾರೆಂದು ಗುರುತು ಸಿಗಲ್ಲ. ‘ಹೊಸಹಳ್ಳಿ ಮಂಜ’ ಅಂದ ಕೂಡಲೇ ಮುಖ ಕಣ್ಣೆದುರು ಬರುತ್ತದೆ.

ಪಟ್ಟಿ ಕೈಗೆ ಬಂದ ಮೇಲೆ ಹುಡುಕುವ ಕೆಲಸ. ಗಂಡುಹುಡುಗರು ಬೇಗ ಸಿಗುತ್ತಾರೆ. ಒಂದೊಂದು ಹಳ್ಳಿಗೆ ಒಬ್ಬೊಬ್ಬರನ್ನು ಹಚ್ಚಿದರೆ ಹದಿನೈದು ದಿನದಲ್ಲಿ ಮುಕ್ಕಾಲು ಪಾಲು ಜನ ಸಿಕ್ಕಿಬಿಡುತ್ತಾರೆ. ಹೆಣ್ಣುಮಕ್ಕಳ ವಿಷಯ ಬೇರೆ. ಮದುವೆಯಾಗಿ ಊರು ಬದಲಾಗಿದೆ, ಇನಿಷಿಯಲ್ ಬದಲಾಗಿದೆ. ಕೆಲವರಿಗೆ ಮನೆಯಲ್ಲಿ ಕರೆಯುವ ಹೆಸರೇ ಬೇರೆ. ಫೇಸ್‌ಬುಕ್ಕಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಸುಮ್ನೆ ಯಾರದೋ ಹತ್ತಿರ ನಂಬರ್ ಇಸಕೊಂಡು ಫೋನ್ ಮಾಡುವುದೂ ಸರಿಯಲ್ಲ. ಇಪ್ಪತ್ತೈದು ವರ್ಷದ ಮೇಲೆ ಗೊತ್ತಿಲ್ಲದ ಗಂಡಸಿನ ಫೋನ್ ಬಂದರೆ ಅವರ ಮನೆಯಲ್ಲಿ ಏನಂದುಕೊಳ್ಳುತ್ತಾರೆ?

ದಾರಿ ಇರುವುದು ತವರುಮನೆಯಲ್ಲಿ. ನಮ್ಮ ಬ್ಯಾಚಿನ ಇಬ್ಬರು ಹೆಣ್ಣುಮಕ್ಕಳು ಈ ಕೆಲಸ ವಹಿಸಿಕೊಂಡರು. ಊರ ಜಾತ್ರೆಗೆ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ. ಆ ಎರಡು ದಿನ ಇವರು ಮನೆಮನೆಗೆ ಹೋದರು. ಅಮ್ಮಂದಿರ ಹತ್ತಿರ ಕೂತು ಮಾತಾಡಿದರು, ಅಲ್ಲೇ ಗೆಳತಿಯರಿಗೆ ಆಹ್ವಾನ ಕೊಟ್ಟರು. ಒಬ್ಬಳು ಒಂಬತ್ತನೇ ಕ್ಲಾಸಿನ ಅರ್ಧ ವರ್ಷಕ್ಕೆ ಮದುವೆಯಾಗಿ ಹೋಗಿದ್ದವಳು. ‘ನಾನು ಪರೀಕ್ಷೆಗೇ ಕೂತಿಲ್ವಲ್ಲ, ನನ್ನ ಕರೀತೀರಾ?’ ಅಂದಳಂತೆ. ಆಮೇಲೆ ಒಳಗೆ ಹೋಗಿ ಪೆಟ್ಟಿಗೆಯಿಂದ ಎಂಟನೇ ಕ್ಲಾಸಿನ ಗುಂಪು ಫೋಟೋ ತಂದಳು. ನಮ್ಮಲ್ಲಿ ಯಾರ ಹತ್ತಿರವೂ ಉಳಿದಿರಲಿಲ್ಲ ಆ ಫೋಟೋ.

ಅದಕ್ಕೇ ಸಮ್ಮಿಲನದ ದಿನವನ್ನೂ ಜಾತ್ರೆಗೆ ಹೊಂದಿಸಿ. ಬೆಂಗಳೂರಿನವರಿಗೆ ಅನುಕೂಲ ಅಂತ ಎರಡನೇ ಶನಿವಾರ ಇಟ್ಟರೆ ಬೆಂಗಳೂರಿನವರು ಮಾತ್ರ ಬರುತ್ತಾರೆ. ಜಾತ್ರೆ ಮುಗಿದ ಮಾರನೇ ದಿನ ಇಟ್ಟರೆ ಊರಿಗೆ ಬಂದವರೆಲ್ಲ ಇನ್ನೂ ಊರಲ್ಲೇ ಇರುತ್ತಾರೆ. ವಂತಿಗೆ ವಿಷಯದಲ್ಲೂ ನೋಡಿಕೊಳ್ಳಿ. ತಲೆಗೆ ಇಷ್ಟು ಅಂತ ನಿಗದಿ ಮಾಡಿದರೆ ಕೂಲಿಗೆ ಹೋಗುವ ಗೆಳೆಯ ‘ಆ ದಿನ ಕೆಲಸ ಇದೆ’ ಅಂದುಬಿಡುತ್ತಾನೆ. ಕೊಡುವವರು ಕೊಡಲಿ. ಯಾರು ಎಷ್ಟು ಕೊಟ್ಟರು ಅಂತ ಮೈಕಿನಲ್ಲಿ ಓದಬೇಡಿ.

ಎರಡನೇ ಸಮ್ಮಿಲನದಲ್ಲಿ ಭಾಷಣ ಕಡಿಮೆ ಮಾಡಿ ಹಾಜರಿ ಇಟ್ಟೆವು. ಹಳೇ ಕ್ಲಾಸ್ ರೂಮಿನಲ್ಲಿ, ಹಳೇ ಜಾಗದಲ್ಲಿ ಕೂತೆವು. ಗಣಿತದ ಮೇಷ್ಟ್ರು 74 ಹೆಸರನ್ನೂ ರಿಜಿಸ್ಟರಿನ ಕ್ರಮದಲ್ಲೇ ಕೂಗಿದರು. ಬಂದವರು ‘ಬಂದಿದೀನಿ ಸಾರ್’ ಅಂದರು. ಬಾರದವರ ಹೆಸರು ಬಂದಾಗ ಗೊತ್ತಿದ್ದವರು ಎದ್ದು ನಿಂತು, ಅವರು ಈಗ ಎಲ್ಲಿದ್ದಾರೆ ಅಂತ ಹೇಳಿದರು. ಆರು ಹೆಸರಿಗೆ ಯಾರೂ ಉತ್ತರ ಕೊಡಲಿಲ್ಲ. ಅವರು ತೀರಿಕೊಂಡಿದ್ದರು. ಆ ಮೌನದಲ್ಲಿ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಮುಂದಿನ ಹೆಸರು ಓದಿದರು. ಇನ್ನು ನಾಲ್ಕು ಜನ ಎಲ್ಲಿದ್ದಾರೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅವರನ್ನು ಹುಡುಕುವುದೇ ಆ ವರ್ಷ ನಮ್ಮ ಗುಂಪಿನ ಕೆಲಸವಾಯಿತು. ಗುಡ್ ಮಾರ್ನಿಂಗ್ ತಾನಾಗೇ ನಿಂತಿತು.

ಹಾಜರಿಗೆ ಮೊದಲು ಒಂದು ಸಣ್ಣ ಸಿದ್ಧತೆ ಮಾಡಿಕೊಳ್ಳಿ. ಮೇಷ್ಟ್ರುಗಳಿಗೆ ಹೆಸರಿನ ಪಟ್ಟಿ, ಸಾಧ್ಯವಾದರೆ ಹಳೇ ಫೋಟೋ, ಒಂದು ವಾರ ಮೊದಲೇ ತಲುಪಿಸಿ. ಅವರು ಸಾವಿರಾರು ಮಕ್ಕಳಿಗೆ ಪಾಠ ಮಾಡಿದವರು. ಎದುರಿಗೆ ನಿಂತು ‘ನಾನ್ಯಾರು ಹೇಳಿ ಸಾರ್’ ಅಂದರೆ ಅವರಿಗೆ ಎಷ್ಟು ಸಂಕಟ ಆಗಬಹುದು, ಯೋಚನೆ ಮಾಡಿ. ಓಡಾಡಲು ಆಗದ ಮೇಷ್ಟ್ರಿದ್ದರೆ ಕಾರಿನಲ್ಲಿ ಕೂರಿಸಿ ಕರೆತರುವುದಕ್ಕಿಂತ ನಾಲ್ಕು ಜನ ಅವರ ಮನೆಗೇ ಹೋಗಿ ಒಂದು ಮಧ್ಯಾಹ್ನ ಕೂತು ಬನ್ನಿ. ಶಾಲೆಯ ಜವಾನರನ್ನು ಮರೆಯಬೇಡಿ. ಗಂಟೆ ಹೊಡೆಯುತ್ತಿದ್ದವರು ಅವರೇ ಅಲ್ವಾ?

ವಸತಿ ಶಾಲೆಗಳಿಗೆ ಇಷ್ಟು ಕಷ್ಟ ಇರುವುದಿಲ್ಲ. ವಿಜಯಪುರದ ಸೈನಿಕ ಶಾಲೆ 1963ರಿಂದ ಇದೆ. ಅಲ್ಲಿ ಓದಿದವರು ತಮ್ಮನ್ನು ಇಂದಿಗೂ ‘ಅಜೀತ್’ ಅಂತ ಕರೆದುಕೊಳ್ಳುತ್ತಾರೆ. 1986ರಲ್ಲಿ ಶುರುವಾದ ನವೋದಯ ಶಾಲೆಗಳಲ್ಲಿ ಮಕ್ಕಳು ಆರನೇ ಕ್ಲಾಸಿನಿಂದ ಒಂದೇ ಹಾಸ್ಟೆಲಿನಲ್ಲಿ ಉಂಡು ಮಲಗಿ ಬೆಳೆಯುತ್ತಾರೆ. ಎಲ್ಲಿಗೆ ಹೋದರೂ ‘ನೀನೂ ನವೋದಯದವನಾ’ ಅಂದರೆ ಸಾಕು, ಮಾತು ಶುರು. ನಮ್ಮಂಥ ಊರ ಶಾಲೆಗೆ ಅಂಥ ಹೆಸರೂ ಇಲ್ಲ, ಒಟ್ಟಿಗೆ ಬೆಳೆದ ಹಾಸ್ಟೆಲೂ ಇಲ್ಲ. ಅದಕ್ಕೇ ನಮಗೆ ಪಟ್ಟಿ ಅಷ್ಟು ಮುಖ್ಯ.

ಈಗ ವೆಬ್‌ಸೈಟ್ ವಿಷಯಕ್ಕೆ ಬರುತ್ತೇನೆ. ಜನರನ್ನು ಸೇರಿಸುವ ಶಕ್ತಿ ವೆಬ್‌ಸೈಟಿಗೆ ಇಲ್ಲ. ಹರಟೆಗೆ ವಾಟ್ಸಾಪ್ ಇದೆ. ಒಂದೇ ಗುಂಪಿನಲ್ಲಿ 1024 ಜನ ಇರಬಹುದು ಈಗ. ಆದರೆ ವಾಟ್ಸಾಪಿನಲ್ಲಿ ಹಾಕಿದ್ದು ಉಳಿಯುವುದಿಲ್ಲ. ಬ್ಯಾಕಪ್ ಇಲ್ಲದೆ ಫೋನ್ ಬದಲಾದರೆ ಫೋಟೋ ಹೋಯಿತು. ಹೊಸದಾಗಿ ಸೇರಿದವರಿಗೆ ಹಿಂದಿನದೆಲ್ಲ ಕಾಣಿಸುವುದಿಲ್ಲ. ವೆಬ್‌ಸೈಟ್ ಬೇಕಾಗುವುದು ಇಡುವುದಕ್ಕೆ. ಬ್ಯಾಚುಗಳ ಪಟ್ಟಿ, ಗುಂಪು ಫೋಟೋಗಳು, ಯಾವ ಮೇಷ್ಟ್ರು ಯಾವ ವರ್ಷದಿಂದ ಯಾವ ವರ್ಷದವರೆಗೆ ಇದ್ದರು ಅನ್ನೋ ವಿವರ, ಶಾಲೆ ಕಟ್ಟಲು ಜಾಗ ಕೊಟ್ಟವರು ಯಾರು ಅನ್ನೋ ಕಥೆ. ಇವಿಷ್ಟು ಅಲ್ಲಿರಲಿ. ಫೋನ್ ನಂಬರು, ಮನೆ ವಿಳಾಸ ಯಾವತ್ತೂ ಹಾಕಬೇಡಿ. ಸಂಪರ್ಕಕ್ಕೆ ಒಂದು ಫಾರ್ಮ್ ಇಡಿ. ಅದು ಆಯಾ ಬ್ಯಾಚಿನವರಿಗೆ ತಲುಪಲಿ, ಅವರು ಒಪ್ಪಿಗೆ ಕೇಳಿ ನಂಬರ್ ಕೊಡಲಿ. ಫೋಟೋಗೂ ಇದೇ ನಿಯಮ. ಯಾರಾದರೂ ‘ನನ್ನ ಫೋಟೋ ಬೇಡ’ ಅಂದರೆ ಕಾರಣ ಕೇಳದೆ ತೆಗೆದುಬಿಡಿ.

ನಮಗೆ ಬಿದ್ದ ಪೆಟ್ಟು ಹೇಳುತ್ತೇನೆ, ನಿಮಗೆ ಬೀಳದಿರಲಿ. ನಮ್ಮ ಮೊದಲ ವೆಬ್‌ಸೈಟನ್ನು ಒಬ್ಬ ಗೆಳೆಯ ತನ್ನ ಇಮೇಲ್‌ನಲ್ಲಿ, ತನ್ನ ಕಾರ್ಡಿನಲ್ಲಿ ನೋಂದಾಯಿಸಿದ್ದ. ಅವನು ಕೆಲಸ ಬದಲಿಸಿದ, ಆ ಇಮೇಲ್ ನೋಡುವುದು ಬಿಟ್ಟ. ನವೀಕರಣದ ನೆನಪೋಲೆಗಳು ಅಲ್ಲೇ ಬಿದ್ದವು. ಅವಧಿ ಮುಗಿದ ಮೇಲೂ ಹಣ ಕಟ್ಟಿ ಬಿಡಿಸಿಕೊಳ್ಳಲು ಕೆಲವು ದಿನ ಸಮಯ ಇರುತ್ತದೆ. ನಮಗೆ ತಿಳಿಯುವಷ್ಟರಲ್ಲಿ ಅದೂ ಮುಗಿದು, ನಮ್ಮ ವೆಬ್‌ಸೈಟಿನ ವಿಳಾಸ ಬೇರೆ ಯಾರದೋ ಪಾಲಾಗಿತ್ತು. ತಪ್ಪು ಅವನೊಬ್ಬನದಲ್ಲ, ನಾವ್ಯಾರೂ ವಿಚಾರಿಸಿರಲಿಲ್ಲ. ಇಂಟರ್ನೆಟ್ ಆರ್ಕೈವ್‌ನವರ ವೇಬ್ಯಾಕ್ ಮೆಷಿನ್‌ನಲ್ಲಿ (ಹಳೇ ವೆಬ್ ಪುಟಗಳ ಪ್ರತಿ ಇಟ್ಟಿರುವ ಜಾಗ) ಹುಡುಕಿ ಕೆಲವು ಪುಟ ವಾಪಸ್ ಪಡೆದೆವು. ಫೋಟೋ ಬಹಳಷ್ಟು ಹೋದವು. ಈಗ ಸಂಘದ ಹೆಸರಲ್ಲೇ ಒಂದು ಇಮೇಲ್ ಇದೆ, ಅದರ ಪಾಸ್‌ವರ್ಡ್ ಬೇರೆ ಬೇರೆ ಬ್ಯಾಚಿನ ಮೂವರ ಹತ್ತಿರ ಇದೆ. ವಿಳಾಸವನ್ನು ಒಂದೇ ಸಲಕ್ಕೆ ಹತ್ತು ವರ್ಷದವರೆಗೂ ನೋಂದಾಯಿಸಬಹುದು, ಹಾಗೇ ಮಾಡಿ. ಫೋಟೋಗಳ ಒಂದು ಪ್ರತಿಯನ್ನು ಹಾರ್ಡ್ ಡಿಸ್ಕಿನಲ್ಲಿ ಹಾಕಿ ಶಾಲೆಯ ಬೀರುವಿನಲ್ಲೂ ಇಡಿ.

ಇನ್ನೊಂದು ಸಣ್ಣ ವಿಷಯ. ಹಳೇ ಆಹ್ವಾನ ಪತ್ರಿಕೆ, ವರದಿ ಎಲ್ಲ ಡಿಟಿಪಿ ಅಂಗಡಿಯಲ್ಲಿ ಕನ್ನಡ ಟೈಪಿಂಗ್ ತಂತ್ರಾಂಶವಾದ ‘ನುಡಿ’ಯ ಹಳೇ ಫಾಂಟಿನಲ್ಲಿ ಟೈಪ್ ಆಗಿರುತ್ತವೆ. ಅದನ್ನು ನೇರ ವೆಬ್‌ಸೈಟಿಗೆ ಅಂಟಿಸಿದರೆ ಅರ್ಥವಿಲ್ಲದ ಅಕ್ಷರ ಬರುತ್ತದೆ. ಎಲ್ಲ ಕಂಪ್ಯೂಟರ್, ಫೋನುಗಳೂ ಓದುವ ಯೂನಿಕೋಡಿಗೆ ಬದಲಿಸಿ ಹಾಕಿ. ಹೆಸರುಗಳನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯಿರಿ. ದೂರದಲ್ಲಿರುವವರು ತಮ್ಮ ಹೆಸರನ್ನು ಗೂಗಲ್ ಮಾಡುವುದು ಇಂಗ್ಲಿಷಿನಲ್ಲೇ ಜಾಸ್ತಿ. ಎಲ್ಲಿದ್ದಾರೆ ಅಂತ ಗೊತ್ತಿರದ ಆ ನಾಲ್ವರಲ್ಲಿ ಒಬ್ಬ ಸಿಕ್ಕಿದ್ದು ಹಾಗೆಯೇ. ಅವನ ಮಗಳು ಅಪ್ಪನ ಹೆಸರು ಹುಡುಕಿ ಫಾರ್ಮ್ ತುಂಬಿದ್ದಳು.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಶಾಲೆಗೆ ಏನಾದರೂ ಮಾಡುವ ಮನಸ್ಸಿದ್ದರೆ ಸಂಘ ನೋಂದಾಯಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ ಏಳು ಜನ ಬೇಕು. ಪ್ರತಿ ವರ್ಷ ಲೆಕ್ಕ ಮತ್ತು ಪದಾಧಿಕಾರಿಗಳ ಪಟ್ಟಿ ಸಲ್ಲಿಸಬೇಕು, ಇದನ್ನು ತಪ್ಪಿಸಬೇಡಿ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ. ಹೊರದೇಶದ ಗೆಳೆಯರು ಹಣ ಕಳಿಸುವಾಗ ಒಂದು ವ್ಯತ್ಯಾಸ ಗೊತ್ತಿರಬೇಕು. ಭಾರತದ ಪೌರತ್ವ ಇಟ್ಟುಕೊಂಡು ಅಲ್ಲಿ ದುಡಿಯುವವರು ತಮ್ಮ ಸಂಪಾದನೆಯನ್ನು ಬ್ಯಾಂಕ್ ಮೂಲಕ ಕೊಟ್ಟರೆ ತೊಂದರೆ ಇಲ್ಲ. ಅಲ್ಲಿಯ ಪೌರತ್ವ ಪಡೆದವರು ಕೊಟ್ಟರೆ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ಕಾನೂನಿನಲ್ಲಿ ವಿದೇಶಿ ದೇಣಿಗೆ. ಎಫ್‌ಸಿಆರ್‌ಎ ಅನ್ನೋ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಇಲ್ಲದೆ ತೆಗೆದುಕೊಳ್ಳುವ ಹಾಗಿಲ್ಲ.

ಏನು ಮಾಡಬೇಕು ಅಂತ ಹೆಡ್ ಮೇಷ್ಟ್ರನ್ನು, ಶಾಲಾಭಿವೃದ್ಧಿ ಸಮಿತಿಯವರನ್ನು (ಎಸ್‌ಡಿಎಂಸಿ) ಕೇಳಿ. ನಾವು ಕಮಾನು ಕಟ್ಟಿಸಬೇಕು ಅಂತ ಹೊರಟಿದ್ದೆವು. ಅವರು ಕೇಳಿದ್ದು ಬೇರೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ವಿಶೇಷ ತರಗತಿ ಇರುತ್ತದೆ, ಹಳ್ಳಿಯಿಂದ ಬರುವ ಮಕ್ಕಳು ಹಸಿದುಕೊಂಡೇ ಕೂರುತ್ತಾರೆ, ಅವರಿಗೆ ತಿಂಡಿ ಆಗುತ್ತಾ ಅಂದರು. ಡಿಸೆಂಬರಿನಿಂದ ಪರೀಕ್ಷೆವರೆಗೆ ಉಪ್ಪಿಟ್ಟು, ಚಿತ್ರಾನ್ನ, ಬಾಳೆಹಣ್ಣು. ಒಂದೊಂದು ಬ್ಯಾಚು ಒಂದೊಂದು ವಾರ ವಹಿಸಿಕೊಂಡಿದೆ. ನಿಜ ಹೇಳಬೇಕೆಂದರೆ ನಮ್ಮನ್ನು ವರ್ಷ ವರ್ಷ ಒಟ್ಟಿಗೆ ಇಟ್ಟಿರುವುದು ಈ ತಿಂಡಿಯೇ. ಪ್ರತಿ ವಾರ ಯಾರಾದರೂ ಇನ್ಯಾರಿಗೋ ಫೋನ್ ಮಾಡಲೇಬೇಕಾಗುತ್ತದೆ. ಹಾಗಾಗಿ ದೊಡ್ಡ ಸಮ್ಮಿಲನ ಐದು ವರ್ಷಕ್ಕೊಮ್ಮೆ ಆದರೂ ನಮಗೆ ಸಾಕಾಗಿದೆ.

ಕುರಿ ಕಾಯುತ್ತಿದ್ದ ಆ ಗೆಳೆಯ ಸಿಕ್ಕ. ಶಿರಾ ಕಡೆ ಇದ್ದಾನೆ, ಈಗಲೂ ಕುರಿ ಸಾಕಿದ್ದಾನೆ. ಗಣಿತದ ಮೇಷ್ಟ್ರಿಗೆ ಅವನೇ ಫೋನ್ ಮಾಡಿ ಮಾತಾಡಿದ. ನಿಮ್ಮ ರಿಜಿಸ್ಟರ್ ನೋಡಲು ಹೋಗುವಾಗ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಹೋಗಿ, ಎಡಗಡೆ ಹೆಸರು ಬರೆದು ಬಲಗಡೆ ಪುಟ ಖಾಲಿ ಬಿಡಿ. ಯಾರು ಎಲ್ಲಿ ಸಿಕ್ಕರು ಅಂತ ಬರೆಯಲು ಜಾಗ ಬೇಕಾಗುತ್ತದೆ. ಮಧ್ಯೆ ಎಲ್ಲಾದರೂ ತೊಡಕಾದರೆ ಇಲ್ಲೇ ಕೇಳಿ, ಗೊತ್ತಿದ್ದದ್ದು ಹೇಳುತ್ತೇನೆ.