ಕೈಯಲ್ಲಿ 9 ಲಕ್ಷ ಇದೆ. ಮನೆ ರಿನೋವೇಶನ್ ಮಾಡಿಸೋದಾ, ಹೋಮ್ ಲೋನ್ ಬೇಗ ತೀರಿಸೋದಾ?

ನಿಮ್ಮ ಸಾಲ 38 ಲಕ್ಷ ಬಾಕಿ, ಬಡ್ಡಿ ಶೇ 8.5, ಇನ್ನೂ 16 ವರ್ಷ. ಇಂಟೀರಿಯರ್‌ನವರ ಕೊಟೇಶನ್ 11 ಲಕ್ಷ. ಬಾತ್‌ರೂಮ್ ಗೋಡೆಯಲ್ಲಿ ‘ಸ್ವಲ್ಪ’ ತೇವ. ನಿಮ್ಮ ಪ್ರಶ್ನೆ ಓದಿದರೆ 2023ರಲ್ಲಿ ನಾನೇ ಬರೆದ ಹಾಗಿದೆ. ವ್ಯತ್ಯಾಸ ಅಂದರೆ, ನಾನು ಯಾರನ್ನೂ ಕೇಳಲಿಲ್ಲ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುವವನು ನಾನು. ಬಡ್ಡಿ ಲೆಕ್ಕ ನನಗೆ ಯಾರು ಹೇಳಿಕೊಡಬೇಕು ಅನ್ನೋ ಜಂಬ.

ನಮ್ಮದು ಉತ್ತರಹಳ್ಳಿ ಕಡೆ ಒಂದು ಹಳೇ ಅಪಾರ್ಟ್‌ಮೆಂಟ್, ಎರಡನೇ ಮಹಡಿ. 2020ರಲ್ಲಿ ರೀಸೇಲ್‌ನಲ್ಲಿ ತಗೊಂಡೆವು. ಆಗ ರೆಪೋ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಶೇ 4 ಇತ್ತು, ನನ್ನ ಸಾಲಕ್ಕೆ 7ರ ಆಸುಪಾಸು ಬಡ್ಡಿ. 2022ರ ಮೇನಿಂದ ರಿಸರ್ವ್ ಬ್ಯಾಂಕ್ ದರ ಏರಿಸುತ್ತಾ ಹೋಯಿತು. 2023ರ ಫೆಬ್ರವರಿಗೆ 6.5. ಪೇಪರ್‌ನಲ್ಲಿ ದಿನಾ ಅದೇ ಸುದ್ದಿ, ಆದರೆ ನನ್ನ ಇಎಂಐ ಒಂದು ರೂಪಾಯಿಯೂ ಜಾಸ್ತಿ ಆಗಲಿಲ್ಲ. ನಮ್ಮ ಬ್ಯಾಂಕ್ ಒಳ್ಳೇದು ಅಂದುಕೊಂಡೆ! ಆಮೇಲೆ ಸ್ಟೇಟ್‌ಮೆಂಟ್ ತೆಗೆಸಿ ನೋಡಿದರೆ, ಸದ್ದಿಲ್ಲದೆ ಅವಧಿ ಎಳೆದಿದ್ದರು. ಕೊನೆಯ ಕಂತು ನನ್ನ ರಿಟೈರ್‌ಮೆಂಟ್ ದಾಟಿ ಎಲ್ಲೋ ಹೋಗಿ ಕೂತಿತ್ತು. ಇಎಂಐ ಏರಿಸಬೇಕಾ, ಅವಧಿ ಬೆಳೆಸಬೇಕಾ ಅಂತ ಸಾಲಗಾರನನ್ನೇ ಕೇಳಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದ್ದು 2023ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ನನ್ನ ನಿದ್ದೆ ಕೆಟ್ಟಾಗಿತ್ತು.

ಬೆಳಿಗ್ಗೆ ಕೋಣನಕುಂಟೆ ಕ್ರಾಸ್‌ನಲ್ಲಿ ಮೆಟ್ರೋ ಹತ್ತಿದರೆ ಪೀಣ್ಯದವರೆಗೂ ಫೋನಿನಲ್ಲಿ ಇಎಂಐ ಕ್ಯಾಲ್ಕುಲೇಟರ್. ಇಷ್ಟು ಕಟ್ಟಿದರೆ ಇಷ್ಟು ವರ್ಷ ಇಳಿಯುತ್ತೆ, ಇನ್ನೊಂದು ಲಕ್ಷ ಹಾಕಿದರೆ ಇನ್ನಷ್ಟು. ಒಂಥರಾ ಚಟ ಅದು. ಕೊನೆಗೆ ಎಫ್‌ಡಿ ಮುರಿಸಿದೆ, ಆರ್‌ಡಿ ಮುಗಿಸಿದೆ, ಹೆಂಡತಿಯ ಚೀಟಿ ಹಣವನ್ನೂ ಕೇಳಿ ತಗೊಂಡೆ. ಎಲ್ಲ ಸೇರಿ 7 ಲಕ್ಷ. ಅವಳು ಒಂದೇ ಮಾತು ಹೇಳಿದಳು: “ರೀ, ಬಾತ್‌ರೂಮ್ ಗೋಡೆ ಬಣ್ಣ ಉಬ್ಬಿದೆ. ಸ್ವಲ್ಪ ದುಡ್ಡು ಇಟ್ಕೊಳ್ಳಿ.” “ಪೇಂಟ್ ಅಷ್ಟೇ ಕಣೇ, ದೀಪಾವಳಿಗೆ ಹೊಡೆಸೋಣ” ಅಂದೆ. ಬ್ಯಾಂಕಿಗೆ ಹೋಗಿ ಅಷ್ಟೂ ಕಟ್ಟಿ, ಅವಧಿ ಕಡಿಮೆ ಮಾಡಿ ಅಂತ ಬರೆದುಕೊಟ್ಟು ಬಂದೆ. ಫ್ಲೋಟಿಂಗ್, ಅಂದರೆ ಏರಿಳಿಯುವ ಬಡ್ಡಿಯ ಹೋಮ್ ಲೋನ್‌ಗೆ ಮುಂಚಿತವಾಗಿ ಕಟ್ಟಿದರೆ ದಂಡ ಇಲ್ಲ, ಹಾಗಾಗಿ ಬಲು ಸಲೀಸು.

ಮಳೆಗಾಲ ಮುಗಿಯುವುದರೊಳಗೆ ಕೆಳಗಿನ ಮನೆ ಮೇಷ್ಟ್ರು ಬಾಗಿಲು ತಟ್ಟಿದರು. ರಿಟೈರ್ಡ್ ಗಣಿತ ಮೇಷ್ಟ್ರು, ದನಿ ಏರಿಸಿದವರಲ್ಲ. “ಏನಪ್ಪಾ, ಒಂಚೂರು ಕೆಳಗೆ ಬಂದು ನೋಡ್ತೀಯಾ?” ಹೋದೆ. ಅವರ ದೇವರ ಮನೆಯ ಸೀಲಿಂಗ್ ಕಪ್ಪಾಗಿ ತೊಟ್ಟಿಕ್ಕುತ್ತಿತ್ತು. ಮಂಟಪದ ಪಕ್ಕ ಒಂದು ಪ್ಲಾಸ್ಟಿಕ್ ಬಕೆಟ್. “ನಿಮ್ಮ ಬಾತ್‌ರೂಮ್ ನೀರು ನಮ್ಮ ಸಾಲಿಗ್ರಾಮದ ಮೇಲೆ ಬೀಳ್ತಿದೆಯಲ್ಲಪ್ಪಾ. ಅಭಿಷೇಕ ನಾನೇ ಮಾಡ್ಕೊಳ್ತೀನಿ, ನೀನು ತೊಂದರೆ ತಗೋಬೇಡ” ಅಂದರು. ಬೈದಿದ್ದರೇ ವಾಸಿ ಇತ್ತು.

ಪ್ಲಂಬರ್ ಬಂದು ನೆಲ ಒಡೆದ. ಬಾತ್‌ರೂಮ್ ಕೆಳಗಿನ ಸಂಕನ್ ಸ್ಲ್ಯಾಬ್‌ನಲ್ಲಿ (ಪೈಪು ಹಾಯಿಸಲು ತಗ್ಗಿಸಿದ ನೆಲ) ತುಂಬಿದ್ದ ಇಟ್ಟಿಗೆ ಚೂರೆಲ್ಲ ನೀರು ಕುಡಿದು ಕೂತಿತ್ತು. ನೆಲದ ನೀರು ಹೋಗುವ ನಹಾನಿ ಟ್ರ್ಯಾಪ್ ಜಾಯಿಂಟ್ ಬಿಟ್ಟಿತ್ತು. ಹಳೇ ಜಿಐ ಪೈಪು ಮುಟ್ಟಿದರೆ ಉದುರುವಷ್ಟು ತುಕ್ಕು. ಇನ್ನೊಂದು ಬಾತ್‌ರೂಮಿನದೂ ಅದೇ ಲೈನ್. ಅದರ ಹಿಂದಿನ ಗೋಡೆ ಅಡುಗೆಮನೆಯದು. ಸಿಂಕ್ ಕೆಳಗಿನ ಪ್ಲೈವುಡ್ ಉಬ್ಬಿ ಬಾಗಿಲು ಮುಚ್ಚುತ್ತಿರಲಿಲ್ಲ, ಅದ್ಯಾಕೆ ಅನ್ನೋದೂ ಅವತ್ತೇ ಗೊತ್ತಾಯಿತು. “ಹೇಗೂ ಒಡೀತಿದ್ದೀವಲ್ಲ ಸಾರ್” ಅಂದ ಪ್ಲಂಬರ್. ಈ ಒಂದು ಮಾತು ಬೆಂಗಳೂರಿನಲ್ಲಿ ಎಷ್ಟು ಮನೆಗಳ ಉಳಿತಾಯ ತಿಂದಿದೆಯೋ ದೇವರಿಗೇ ಗೊತ್ತು.

ಎಲ್ಲ ಸೇರಿ 5 ಲಕ್ಷ ಬೇಕು ಅಂತ ಆಯಿತು. ನನ್ನ ಕೈಯಲ್ಲಿ ಆ ತಿಂಗಳ ಸಂಬಳ ಬಿಟ್ಟರೆ ಏನೂ ಇಲ್ಲ. ಹೋಮ್ ಲೋನ್ ಮೇಲೆ ಟಾಪ್‌ಅಪ್, ಅಂದರೆ ಇನ್ನಷ್ಟು ಸಾಲ, ಕೇಳಲು ಹೋದೆ. ಅರ್ಜಿ, ಮನೆಯ ಮೌಲ್ಯಮಾಪನ, ಇನ್ನೊಂದು ಕಾಗದ, ಮತ್ತೊಂದು ಸಹಿ. ಮೇಷ್ಟ್ರ ಮನೆ ಬಕೆಟ್ ಅಷ್ಟು ದಿನ ಕಾಯುವ ಹಾಗಿರಲಿಲ್ಲ. ಫೋನಿಗೆ ದಿನಾ ಬರುತ್ತಿದ್ದ ‘ಪ್ರೀ ಅಪ್ರೂವ್ಡ್’ ಮೆಸೇಜ್ ಒತ್ತಿ ಪರ್ಸನಲ್ ಲೋನ್ ತಗೊಂಡೆ. 5 ಲಕ್ಷ, ಶೇ 14, ನಾಲ್ಕು ವರ್ಷ. ತಿಂಗಳಿಗೆ 13,663 ರೂಪಾಯಿ. ಬಡ್ಡಿಯೇ ಒಂದೂವರೆ ಲಕ್ಷ ದಾಟುತ್ತೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ತಮ್ಮನಿಗೆ ಹೇಳಿದಾಗ, “ಹಾಗಾದ್ರೆ ಸಾಲ ಮೊದಲೇ ಕಟ್ಟಬಾರದು ಅಂತಾಯ್ತು” ಅಂದ. ಅಲ್ಲ ಮಾರಾಯ! ಕಟ್ಟಿದ್ದು ಸರಿಯೇ. ಕೈ ಪೂರ್ತಿ ಬರಿದು ಮಾಡಿಕೊಂಡು ಕಟ್ಟಿದ್ದು ತಪ್ಪು. ಮಾಮೂಲಿ ಹೋಮ್ ಲೋನ್‌ಗೆ ಹಾಕಿದ ಹಣ ವಾಪಸ್ ಬರುವುದಿಲ್ಲ. 7 ಲಕ್ಷ ಮುಂಗಡ ಕಟ್ಟಿದ್ದೀನಲ್ಲ, ಕಷ್ಟ ಬಂದಿದೆ, ಎರಡು ತಿಂಗಳು ಇಎಂಐ ಬಿಡಿ ಅಂತ ಕೇಳಿದೆ. ಕೌಂಟರಿನ ಹುಡುಗಿ ಪಾಪ ನಗು ತಡೆದುಕೊಂಡಳು. ನೀವು ಕಟ್ಟಿದ ದೊಡ್ಡ ಮೊತ್ತ ಸಾಲದ ಬಾಲ ಕತ್ತರಿಸುತ್ತೆ, ಅಷ್ಟೇ. ಮುಂದಿನ ತಿಂಗಳ 5ನೇ ತಾರೀಕಿಗೆ ಅದರಿಂದ ಏನೂ ಸಹಾಯ ಇಲ್ಲ. ಕೆಲಸ ಹೋದರೂ, ಆಸ್ಪತ್ರೆ ಸೇರಿದರೂ, ಸ್ಲ್ಯಾಬ್ ಸೋರಿದರೂ ಇಎಂಐ ಹೋಗಲೇಬೇಕು.

ಇನ್ನೊಂದು ಸಲ, ಬರೀ ಅಂಕಿಯಲ್ಲಿ. 7 ಲಕ್ಷದಲ್ಲಿ 2 ಮಾತ್ರ ಕಟ್ಟಿ 5 ಲಕ್ಷ ಎಫ್‌ಡಿಯಲ್ಲೇ ಬಿಟ್ಟಿದ್ದರೆ? ಸಾಲದ ಬಡ್ಡಿ 9.5, ಎಫ್‌ಡಿಗೆ ತೆರಿಗೆ ಕಳೆದು ಐದೂವರೆ ಅನ್ನಿ. ವರ್ಷಕ್ಕೆ ಹತ್ತಿರ ಹತ್ತಿರ 20 ಸಾವಿರ ನಷ್ಟ. ಕೈಯಲ್ಲಿ ದುಡ್ಡಿರುವುದಕ್ಕೆ ಕೊಡುವ ಬಾಡಿಗೆ ಅಂದುಕೊಳ್ಳಿ. ಆ ಬಾಡಿಗೆ ಉಳಿಸಲು ಹೋಗಿ ನಾನು ಒಂದೂವರೆ ಲಕ್ಷ ಬಡ್ಡಿಗೆ ಸಹಿ ಹಾಕಿದೆ. ಅಂದರೆ ಶೇ 9.5ರ ಸಾಲ ತೀರಿಸಿ, ಅದೇ ದುಡ್ಡನ್ನು ಶೇ 14ಕ್ಕೆ ಮತ್ತೆ ತಂದೆ. ಅಕೌಂಟೆಂಟ್! ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ತಿಂಗಳಿಗೆ 13 ಸಾವಿರ ಹೊರಗೆ ಹೋಗಲು ಶುರುವಾದ ಮೇಲೆ ಆರ್‌ಡಿ ನಿಂತಿತು. ಪ್ರತಿ ಯುಗಾದಿಗೆ ಸ್ವಲ್ಪ ಸ್ವಲ್ಪ ಸಾಲ ಇಳಿಸಬೇಕು ಅಂದುಕೊಂಡಿದ್ದೂ ನಿಂತಿತು. ಒಂದೇ ಏಟಿಗೆ ಜಾಸ್ತಿ ಕಟ್ಟಿದ್ದರಿಂದ ಆಮೇಲೆ ಏನೂ ಕಟ್ಟಲಾಗಲಿಲ್ಲ. ಹೆಂಡತಿ ‘ನಾನು ಹೇಳಿದ್ದೆ’ ಅಂತ ಒಮ್ಮೆಯೂ ಅನ್ನಲಿಲ್ಲ. ಚೀಟಿ ಹಣ ಯಾವಾಗ ಕೊಡ್ತೀರಿ ಅಂತ ಮಾತ್ರ ಆಗಾಗ ಕೇಳುತ್ತಾಳೆ.

ಈಗ ನಿಮ್ಮ ವಿಷಯ. ರಿನೋವೇಶನ್ನಾ, ಸಾಲವಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಪ್ರಶ್ನೆಯೇ ಸರಿ ಇಲ್ಲ, ಬೇಜಾರು ಮಾಡ್ಕೋಬೇಡಿ.

ಮೊದಲು ಆ 8.5 ನೋಡಿ. 2025ರಲ್ಲಿ ರೆಪೋ ದರ 6.5ರಿಂದ 5.25ಕ್ಕೆ ಇಳಿದಿದೆ. ನಿಮ್ಮ ಬಡ್ಡಿ ಇನ್ನೂ ಅಲ್ಲೇ ಇದ್ದರೆ ಏನೋ ಎಡವಟ್ಟಿದೆ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಹೊಸ ಫ್ಲೋಟಿಂಗ್ ಹೋಮ್ ಲೋನ್‌ಗಳನ್ನು ರೆಪೋದಂಥ ಹೊರಗಿನ ದರಕ್ಕೆ ಜೋಡಿಸಲೇಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಆ ಕಟ್ಟುಪಾಡಿಲ್ಲ, ಅಲ್ಲಿ ದರ ಇಳಿಸಿಕೊಳ್ಳಲು ನೀವೇ ಬೆನ್ನು ಹತ್ತಬೇಕು. ಹೋಗಿ ಕೇಳಿ. ಒಂದಿಷ್ಟು ಕನ್ವರ್ಶನ್ ಶುಲ್ಕ ಕಟ್ಟಿಸಿಕೊಂಡು ಇಳಿಸುತ್ತಾರೆ. ಇಳಿಸದಿದ್ದರೆ ಬೇರೆ ಬ್ಯಾಂಕಿಗೆ ವರ್ಗಾಯಿಸುತ್ತೇನೆ ಅನ್ನಿ. 8.5 ಹೋಗಿ 7.75 ಆದರೆ, ಈಗ ಕಟ್ಟುತ್ತಿರುವ ಸುಮಾರು 36,270 ಇಎಂಐಯನ್ನೇ ಮುಂದುವರಿಸಿದರೂ ಸಾಲ 16 ತಿಂಗಳು ಮೊದಲೇ ಮುಗಿಯುತ್ತೆ. ಆ 9 ಲಕ್ಷಕ್ಕೆ ಕೈ ಹಾಕದೆಯೇ! ಇದನ್ನು ಬಿಟ್ಟು ಟೈಲ್ಸ್ ಬಣ್ಣ ಯಾವುದು ಅಂತ ಕೂತಿದ್ದೀರಿ.

ಇಂಟೀರಿಯರ್ ಮಾಡಿಸಿದರೆ ಮನೆ ಬೆಲೆ ಏರುತ್ತೆ ಅಂತ ಬರೆದಿದ್ದೀರಿ. ಯಾರು ಹೇಳಿದ್ದು, ಇಂಟೀರಿಯರ್‌ನವರು ತಾನೆ? ಇಲ್ಲಿ ಫ್ಲ್ಯಾಟ್ ಕೊಳ್ಳಲು ಬರುವವರು ಇ-ಖಾತಾ ಇದೆಯಾ, ಕಾವೇರಿ ನೀರು ಬರುತ್ತಾ, ಕಾರ್ ಪಾರ್ಕಿಂಗ್ ಎಲ್ಲಿ, ಯುಡಿಎಸ್ (ಜಾಗದಲ್ಲಿ ಫ್ಲ್ಯಾಟ್‌ನ ಪಾಲು) ಎಷ್ಟು ಅಂತ ಕೇಳುತ್ತಾರೆ. ನಿಮ್ಮ ಟಿವಿ ಯೂನಿಟ್‌ಗೆ ಯಾರೂ ಲಕ್ಷ ಜಾಸ್ತಿ ಕೊಡುವುದಿಲ್ಲ. ಕೊಂಡ ಮೇಲೆ ಅದನ್ನು ಕಿತ್ತು ತಮ್ಮದು ಹಾಕಿಸಿಕೊಳ್ಳುತ್ತಾರೆ, ನಾನು ಹಾಗೇ ಮಾಡಿದ್ದು. ಚೆಂದ ಕಾಣಲಿ ಅಂತ ಮಾಡಿಸುವುದಾದರೆ ಚೆಂದಕ್ಕೆ ಅಂತಲೇ ಒಪ್ಪಿಕೊಂಡು ಮಾಡಿಸಿ, ಅದರಲ್ಲಿ ತಪ್ಪೇನಿಲ್ಲ.

ಸಾಲ ಇದ್ದರೆ ಟ್ಯಾಕ್ಸ್ ಉಳಿಯುತ್ತೆ ಅನ್ನೋ ಮಾತೂ ಹಳೇದಾಯಿತು. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ, ನೀವೇ ವಾಸ ಇರುವ ಮನೆಯ ಬಡ್ಡಿಗೆ ವಿನಾಯಿತಿ ಇಲ್ಲ. ಹಳೇ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಇದೆ. ಆದರೆ ರಿಪೇರಿ, ರಿನೋವೇಶನ್‌ಗೆ ಅಂತ ತಗೊಂಡ ಸಾಲದ ಬಡ್ಡಿಗೆ 30 ಸಾವಿರ ಮಾತ್ರ, ಅದೂ ಆ 2 ಲಕ್ಷದ ಒಳಗೇ. ‘ಇಎಂಐನಲ್ಲಿ ಮಾಡಿಸಿ, ಟ್ಯಾಕ್ಸ್ ಬೆನಿಫಿಟ್ ಇದೆ’ ಅಂತ ಇಂಟೀರಿಯರ್‌ನವರು ಹೇಳಿದರೆ ಇದನ್ನು ನೆನಪಿಟ್ಟುಕೊಳ್ಳಿ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. 9 ಲಕ್ಷದಲ್ಲಿ 4 ಲಕ್ಷ ಮುಟ್ಟುವ ಹಾಗಿಲ್ಲ. ನಿಮ್ಮ ಇಎಂಐ ಮತ್ತು ತಿಂಗಳಿಗೆ 30 ಸಾವಿರ ಮನೆ ಖರ್ಚು ಅಂತಿಟ್ಟುಕೊಂಡರೆ ಅದು ಆರು ತಿಂಗಳಿಗೆ ಸರಿಹೋಗುತ್ತೆ. ಒಂದೇ ಎಫ್‌ಡಿ ಬೇಡ, ನಾಲ್ಕು ತುಂಡು ಮಾಡಿ ಇಡಿ, ಬೇಕಾದಾಗ ಒಂದನ್ನು ಮಾತ್ರ ಮುರಿಸಬಹುದು. 3 ಲಕ್ಷದ ಒಳಗೆ ನೀರಿನ ಕೆಲಸ, ಕರೆಂಟಿನ ಕೆಲಸ. ಕೊಟೇಶನ್ ತೆಗೆದು ಫಾಲ್ಸ್ ಸೀಲಿಂಗ್, ವಾಲ್ ಪ್ಯಾನೆಲ್, ಟಿವಿ ಯೂನಿಟ್ ಎಲ್ಲದರ ಮೇಲೂ ಗೆರೆ ಎಳೆಯಿರಿ. 11 ಲಕ್ಷದಲ್ಲಿ ಶೇ 18 ಜಿಎಸ್‌ಟಿ ಸೇರಿದೆಯಾ ಅಂತಲೂ ನೋಡಿ, ಕೊನೇ ಪುಟದಲ್ಲಿ ‘ಪ್ರತ್ಯೇಕ’ ಅಂತ ಸಣ್ಣಕ್ಷರದಲ್ಲಿ ಇರುತ್ತೆ. ‘ಸ್ವಲ್ಪ ತೇವ’ ಅಂತ ನೀವು ಬರೆದಿರೋದು ಸ್ವಲ್ಪ ಅಲ್ಲ. ಅದನ್ನು ಈ ಬೇಸಿಗೆಯಲ್ಲೇ ಒಡೆಸಿ. ವಾಟರ್‌ಪ್ರೂಫಿಂಗ್ ಮಾಡಿದ ಮೇಲೆ, ಟೈಲ್ಸ್ ಹಾಕುವ ಮುಂಚೆ, ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಮನೆಗೆ ಹೋಗಿ ನೋಡಿ ಬನ್ನಿ. ಮೇಸ್ತ್ರಿ ಬೇಡ ಅಂತಾನೆ, ಕೇಳಬೇಡಿ. ಗೀಸರ್, ಎಸಿಗೆ 4 ಸ್ಕ್ವೇರ್ ಎಂಎಂ ವೈರ್ ಎಳೆಸಿ.

ಅಡುಗೆಮನೆ ಮುಂದಿನ ವರ್ಷದ ಬೋನಸ್‌ಗೆ ಇರಲಿ. ಆಗಲೂ ಮಾಡ್ಯುಲರ್ ಕಂಪನಿಗೇ ಹೋಗಬೇಕು ಅಂತಿಲ್ಲ. ಒಳ್ಳೆ ಕಾರ್ಪೆಂಟರ್ ಸಿಕ್ಕರೆ ಪ್ಲೈ ನೀವೇ ತಂದುಕೊಡಿ. ಸಿಂಕ್ ಕೆಳಗಾದರೂ ನೀರು ತಡೆಯುವ ಮರೀನ್ ಪ್ಲೈ, ಅಂದರೆ ಐಎಸ್ 710 ಮುದ್ರೆ ಇರುವುದನ್ನೇ ಹಾಕಿಸಿ.

ಉಳಿದ 2 ಲಕ್ಷ ಸಾಲಕ್ಕೆ ಕಟ್ಟಿ. ಕಟ್ಟುವಾಗ ಇಎಂಐ ಇಳಿಸಿ ಅನ್ನಬೇಡಿ, ಅವಧಿ ಇಳಿಸಿ ಅಂತ ಬರವಣಿಗೆಯಲ್ಲೇ ಕೊಡಿ. 8.5ರ ಲೆಕ್ಕದಲ್ಲೇ, ಅವಧಿ ಇಳಿಸಿದರೆ 20 ತಿಂಗಳ ಕಂತು ಹೋಗುತ್ತೆ, ಬಡ್ಡಿ ಐದು ಲಕ್ಷ ಚಿಲ್ಲರೆ ಉಳಿಯುತ್ತೆ. ಅದೇ 2 ಲಕ್ಷಕ್ಕೆ ಇಎಂಐ ಇಳಿಸಿಕೊಂಡರೆ ತಿಂಗಳಿಗೆ ಬರೀ 1,900 ಕಡಿಮೆ, ಒಟ್ಟು ಬಡ್ಡಿ ಉಳಿತಾಯ 1.7 ಲಕ್ಷ ದಾಟಲ್ಲ. ಬ್ಯಾಂಕ್ ಬದಲಿಸುವುದೇ ಆದರೆ ಓವರ್‌ಡ್ರಾಫ್ಟ್ ಥರದ ಹೋಮ್ ಲೋನ್ ಬಗ್ಗೆಯೂ ಕೇಳಿ. ಎಸ್‌ಬಿಐನಲ್ಲಿ ಮ್ಯಾಕ್ಸ್‌ಗೇನ್ ಅಂತಾರೆ. ಹೆಚ್ಚಿಗೆ ಹಾಕಿದ ಹಣಕ್ಕೆ ಬಡ್ಡಿ ಬೀಳುವುದಿಲ್ಲ, ಬೇಕಾದಾಗ ವಾಪಸ್ ತೆಗೆಯಬಹುದು. ದರ ಸ್ವಲ್ಪ ಜಾಸ್ತಿ ಇರುತ್ತೆ. ನನ್ನಂಥವರಿಗೆ ಅದೇ ವಾಸಿ ಇತ್ತು.

ಅಂದಹಾಗೆ, ಒಡೆಸುವ ಮುಂಚೆ ಅಸೋಸಿಯೇಶನ್‌ಗೆ ಪತ್ರ ಕೊಡಿ, ಡೆಪಾಸಿಟ್ ಕೇಳಬಹುದು. ಕೆಳಗಿನ ಮನೆಯವರಿಗೂ ನೀವೇ ಹೋಗಿ ಹೇಳಿ ಬನ್ನಿ. ಆ ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಓದುವ ಮಕ್ಕಳಿದ್ದರೆ ಪರೀಕ್ಷೆ ಮುಗಿಯುವವರೆಗೆ ಡ್ರಿಲ್ ಮುಟ್ಟಲೇಬೇಡಿ.